1/32 ಡೈಕಾಸ್ಟ್ ಟ್ರ್ಯಾಕ್ಟರ್: ವಾರ್ನಿಶ್ ಹೊಡೆದ ಕೂಡಲೇ ಧೂಳು ಮಾಯ, ಟಯರ್ ಅಂಟಂಟು

ಕೆಂಪುಬಾನೆಟ್:
1/32 ಅಳತೆಯ ಡೈಕಾಸ್ಟ್ (ಲೋಹದ ಎರಕದ) ಮಾಡೆಲ್ ಟ್ರ್ಯಾಕ್ಟರ್, ಕೆಂಪು, ಕ್ಯಾಬಿನ್ ಇರುವ ಮಾದರಿ. ಒಂದು ಹಂಗಾಮು ಹೊಲದಲ್ಲಿ ದುಡಿದ ಹಾಗೆ ಕಾಣಬೇಕು, ಗುಜರಿ ಸೇರಿದ ಹಾಗಲ್ಲ. ಕಂಪನಿ ಬಣ್ಣದ ಮೇಲೆಯೇ ಪಿಗ್ಮೆಂಟ್ ಪುಡಿ ಉಜ್ಜಿ, ಅದು ಉದುರಬಾರದೆಂದು ಸ್ಪ್ರೇ ಕ್ಯಾನಿನಿಂದ ಮ್ಯಾಟ್ ವಾರ್ನಿಶ್ ಹೊಡೆದೆ. ಧೂಳು ಮುಕ್ಕಾಲು ಪಾಲು ಕಾಣೆಯಾಯಿತು, ಉಳಿದದ್ದು ಮಾಸಲು ಕಂದು ಬಣ್ಣ ಬಳಿದ ಹಾಗಿದೆ. ಕ್ಯಾಬಿನ್ ಗಾಜು ಮಂಜು ಕವಿದಂತಾಗಿದೆ. ಟಯರ್‌ಗೆ ಹಚ್ಚಿದ ಎನಾಮೆಲ್ ವಾಶ್ (ತುಂಬ ತೆಳುವಾಗಿಸಿದ ಎನಾಮೆಲ್ ಬಣ್ಣ) ವಾರ ಕಳೆದರೂ ಒಣಗಿಲ್ಲ, ಬೆರಳಿಗೆ ಅಂಟುತ್ತದೆ. ಕೈಯಲ್ಲಿ 0.3 ಮಿ.ಮೀ. ಮೂತಿಯ ಏರ್‌ಬ್ರಶ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನ) ಇದೆ. ಇದನ್ನೇ ಸರಿಪಡಿಸಬಹುದೇ, ಅಥವಾ ಮೊದಲಿನಿಂದ ಶುರು ಮಾಡಬೇಕೇ?

ಮಣ್ಣುಬಣ್ಣ:
ಶುರುವಿನಿಂದ ಬೇಕಿಲ್ಲ. ಪುಡಿ ಎಲ್ಲೂ ಹೋಗಿಲ್ಲ, ಹೆಚ್ಚಿನದು ಅಲ್ಲೇ ಇದೆ. ಪಿಗ್ಮೆಂಟ್ ಅಂದರೆ ಅಂಟಿಲ್ಲದ ಬರಿ ಪುಡಿ. ಕಣಗಳ ನಡುವೆ ಗಾಳಿ ಇರುವವರೆಗೆ ಬೆಳಕು ಚೆನ್ನಾಗಿ ಚದುರಿ, ಅದು ತಿಳಿಯಾಗಿ, ಒಣ ಧೂಳಾಗಿ ಕಾಣುತ್ತದೆ. ವಾರ್ನಿಶ್ ಆ ಸಂದುಗಳನ್ನೆಲ್ಲ ತುಂಬಿದರೆ ಪುಡಿ ಅರೆಪಾರದರ್ಶಕವಾಗುತ್ತದೆ. ಅದಕ್ಕೇ ತಿಳಿ ಮರಳು ಬಣ್ಣ ಪೂರ್ತಿ ಮಾಯವಾಗಿ, ಕಡು ಕಂದು ಮಾತ್ರ ಉಳಿಯುವುದು. ಸ್ಪ್ರೇಯ ಒತ್ತಡಕ್ಕೆ ಸ್ವಲ್ಪ ಹಾರಿಯೂ ಹೋಗುತ್ತದೆ.

ಮ್ಯಾಟ್ ವಾರ್ನಿಶ್ ಇರಬೇಕಾದದ್ದು ಧೂಳಿನ ಕೆಳಗೆ, ಮೇಲಲ್ಲ. ಹೊಳಪಿನ ಕಂಪನಿ ಬಣ್ಣದ ಮೇಲೆ ಪುಡಿಗೆ ಹಿಡಿತ ಸಿಗುವುದಿಲ್ಲ, ಮ್ಯಾಟ್ ಮೇಲ್ಮೈಯ ತರಿಯಲ್ಲಿ ಅದು ಕೂರುತ್ತದೆ. ನಿಮ್ಮಲ್ಲಿ ಈಗ ಆ ಮ್ಯಾಟ್ ಪದರ ಇದೆ. ಹಾಗಾಗಿ ಇದನ್ನೇ ತಳವೆಂದುಕೊಂಡು ಮುಂದುವರಿಯಿರಿ.

ಮೊದಲು ಬಣ್ಣ ಮಾಸಬೇಕು. ಬಾನೆಟ್ ಮೇಲ್ಭಾಗ, ಕ್ಯಾಬಿನ್ ಚಾವಣಿ, ಮಡ್‌ಗಾರ್ಡ್ ನೆತ್ತಿ, ಅಂದರೆ ಬಿಸಿಲು ನೇರ ಬೀಳುವ ಕಡೆ ಆಯಿಲ್ ಪೇಂಟಿನ ಸಣ್ಣ ಚುಕ್ಕೆಗಳನ್ನಿಟ್ಟು, ವೈಟ್ ಸ್ಪಿರಿಟ್‌ನಲ್ಲಿ (ಆಯಿಲ್ ಪೇಂಟ್ ತೆಳುವಾಗಿಸುವ ದ್ರಾವಕ) ಅದ್ದಿ ಬಟ್ಟೆಗೆ ಒರೆಸಿದ ಚಪ್ಪಟೆ ಬ್ರಶ್‌ನಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಕೆಂಪಿಗೆ ಬಿಳಿ ಬೇಡ, ಗುಲಾಬಿಯಾಗಿಬಿಡುತ್ತದೆ. ಓಕರ್ (ಮಣ್ಣಿನ ಹಳದಿ) ಅಥವಾ ಬಫ್ (ತಿಳಿ ಮರಳು ಬಣ್ಣ) ಹಾಕಿ. ಟ್ಯೂಬಿನಿಂದ ತೆಗೆದ ಪೇಂಟನ್ನು ರಟ್ಟಿನ ತುಂಡಿನ ಮೇಲೆ ಒಂದೆರಡು ಗಂಟೆ ಬಿಟ್ಟರೆ ಎಣ್ಣೆ ರಟ್ಟಿಗೆ ಇಳಿದು, ಹಚ್ಚಿದ್ದು ಮ್ಯಾಟ್ ಆಗಿ ಒಣಗುತ್ತದೆ.

ಆಮೇಲೆ ಪಿನ್ ವಾಶ್, ಅಂದರೆ ಸಂದುಗಳಿಗೆ ಮಾತ್ರ ವಾಶ್ ಹರಿಸುವುದು. ಕೆಂಪಿಗೆ ಕಪ್ಪು ವಾಶ್ ಹಾಕಿದರೆ ಪೆನ್ನಿನಿಂದ ಗೆರೆ ಎಳೆದ ಹಾಗಿರುತ್ತದೆ, ಕಡು ಕಂದು ಸರಿ. ಬಾನೆಟ್ ಸಂದು, ಬೋಲ್ಟ್ ಬುಡ, ಬಾಗಿಲಿನ ಅಂಚು, ಎಂಜಿನ್ ಪಕ್ಕದ ಸಂದುಗೊಂದುಗಳು, ಇಷ್ಟಕ್ಕೆ ಮಾತ್ರ. 20-30 ನಿಮಿಷ ಬಿಟ್ಟು ಹೆಚ್ಚಾದದ್ದನ್ನು ತೆಗೆಯಿರಿ. ನಂತರ ಒಂದು ದಿನ ಮುಟ್ಟಬೇಡಿ. ಹಸಿ ಎನಾಮೆಲ್ ಮೇಲೆ ಪುಡಿ ಬಿದ್ದರೆ ಕೆಸರಾಗಿ ಕಲೆಗಟ್ಟುತ್ತದೆ.

ಧೂಳು ಕೊನೆಗೆ. ಒಂದೇ ಬಣ್ಣ ಬೇಡ, ಒಂದೇ ಮಣ್ಣಿನ ಮೂರು ಛಾಯೆ ಬೇಕು: ಮೂಲೆಗೆ ಕಡು, ಬಯಲಿಗೆ ನಡುವಿನದು, ಅಂಚಿಗೆ ತಿಳಿ. ಸಿದ್ಧ ಪಿಗ್ಮೆಂಟ್ ಇಲ್ಲದಿದ್ದರೆ ಚಾಕ್ ಪಾಸ್ಟೆಲ್ ಕಡ್ಡಿಯನ್ನು ನಯವಾದ ಸ್ಯಾಂಡ್‌ಪೇಪರಿಗೆ ತೇದ ಪುಡಿಯೂ ನಡೆಯುತ್ತದೆ. ಆಯಿಲ್ ಪಾಸ್ಟೆಲ್ ಮಾತ್ರ ಬೇಡ, ಅದು ಮೇಣ. ಪುಡಿಯನ್ನು ಒಣ ಬ್ರಶ್‌ನಲ್ಲಿ ಜಾಗಕ್ಕೆ ತಟ್ಟಿ, ಉಜ್ಜಬೇಡಿ. ಅಂಟಿಸಲು ಇನ್ನೊಂದು ಬ್ರಶ್ ತುಂಬ ವೈಟ್ ಸ್ಪಿರಿಟ್ ತೆಗೆದುಕೊಂಡು ಪುಡಿಯ ಪಕ್ಕದಲ್ಲಿ ಮುಟ್ಟಿಸಿ. ದ್ರವ ತಾನಾಗಿ ಪುಡಿಯೊಳಕ್ಕೆ ಹರಿಯುತ್ತದೆ. ಪುಡಿಯ ಮೇಲೇ ಬ್ರಶ್ ಇಟ್ಟರೆ ಅದು ಬ್ರಶ್‌ಗೇ ಅಂಟಿ ಬರುತ್ತದೆ. ಒದ್ದೆಯಾದಾಗ ಎಲ್ಲ ಮಾಯವಾದ ಹಾಗೆ ಕಾಣುತ್ತದೆ, ಗಾಬರಿ ಬಿದ್ದು ಇನ್ನಷ್ಟು ಸುರಿಯಬೇಡಿ. ಆರಿದ ಮೇಲೆ ತಿಳಿ ಬಣ್ಣ ಮರಳುತ್ತದೆ. ಅಂಚಿನಲ್ಲಿ ನೀರಿಂಗಿದ ಗೆರೆ ಉಳಿದರೆ, ಪೂರ್ತಿ ಒಣಗಿದ ಮೇಲೆ ಗಿಡ್ಡ ಕೂದಲಿನ ಒಣ ಬ್ರಶ್‌ನಿಂದ ಸವರಿ ಅಳಿಸಿ.

ಈ ಅಂಟು ಅರೆಬರೆ ಅಂಟು. ಕೈಯಾಡಿಸಿದರೆ ಹೋಗುತ್ತದೆ. ಮಾಡೆಲನ್ನು ಆಮೇಲೆ ಟಯರ್ ಹಿಡಿದೇ ಎತ್ತಬೇಕು, ಬೇರೆ ದಾರಿ ಇಲ್ಲ. ಪುಡಿಯ ಕೆಲಸಕ್ಕೆ ಮಾಸ್ಕ್ ಹಾಕಿ, ಸ್ಪಿರಿಟ್ ಕೆಲಸಕ್ಕೆ ಕಿಟಕಿ ತೆರೆದಿಡಿ.

ಗಾಲಿಗುಂಟೆ:
ಟಯರ್ ವಿಷಯ. ಅದು ಒಣಗುವುದೇ ಇಲ್ಲ, ಕಾಯಬೇಡಿ. ಡೈಕಾಸ್ಟ್ ಮಾಡೆಲ್‌ಗಳ ಮೆತ್ತನೆ ಟಯರ್ ಬಹುಪಾಲು ಪಿವಿಸಿ ಜಾತಿಯದು. ಮೆತ್ತಗಾಗಲೆಂದು ಸೇರಿಸಿದ ಪ್ಲಾಸ್ಟಿಸೈಜರ್ ಎಣ್ಣೆ ನಿಧಾನವಾಗಿ ಮೇಲಕ್ಕೆ ಬಂದು ಎನಾಮೆಲ್ ಪದರಕ್ಕೆ ಸೇರುತ್ತದೆ, ಹಾಗಾಗಿ ಪೇಂಟ್ ಗಟ್ಟಿಯಾಗದೆ ಅಂಟಂಟಾಗಿಯೇ ಇರುತ್ತದೆ. ಬಟ್ಟೆಗೆ ಸ್ವಲ್ಪ ವೈಟ್ ಸ್ಪಿರಿಟ್ ಹಾಕಿ ಬೇಗ ಒರೆಸಿ ತೆಗೆಯಿರಿ, ನೆನೆಹಾಕಬೇಡಿ. ತಕ್ಷಣ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ.

ಈಗ 600 ನಂಬರಿನ ಸ್ಯಾಂಡ್‌ಪೇಪರಿನಿಂದ ಗುಬಟುಗಳ (ಟಯರಿನ ಉಬ್ಬು ಪಟ್ಟಿಗಳ) ತುದಿ ಮತ್ತು ಪಕ್ಕದ ಗೋಡೆಯನ್ನು ಹಗುರವಾಗಿ ಉಜ್ಜಿ. ಅಚ್ಚಿನ ಹೊಳಪು ಹೋಗಿ ಬೂದು ಮಿಶ್ರಿತ ಕಪ್ಪು ಬರುತ್ತದೆ, ದುಡಿದ ಟಯರಿನ ಬಣ್ಣ ಅದೇ. ಅಲ್ಲಿಂದ ಮುಂದೆ ನೀರು ಆಧಾರಿತ ಸಾಮಗ್ರಿ ಮಾತ್ರ. ಪಿಗ್ಮೆಂಟ್ ಪುಡಿ, ನೀರು, ಕೆಲವು ಹನಿ ಆಕ್ರಿಲಿಕ್ ಮ್ಯಾಟ್ ಮೀಡಿಯಂ ಕಲಸಿ ಮಜ್ಜಿಗೆ ಹದಕ್ಕೆ ತನ್ನಿ. ಕಡ್ಡಿ ತುದಿಯಷ್ಟು ಸೋಪು ಸೇರಿಸದಿದ್ದರೆ ನೀರು ಟಯರ್ ಮೇಲೆ ಗುಳ್ಳೆಗುಳ್ಳೆಯಾಗಿ ನಿಲ್ಲುತ್ತದೆ. ಗುಬಟುಗಳ ನಡುವೆ ತುಂಬಿ, ಅರೆ ಒಣಗಿದಾಗ ಒದ್ದೆ ಬಟ್ಟೆಯ ಮೇಲೆ ಟಯರನ್ನು ಒಂದೆರಡು ಸುತ್ತು ಉರುಳಿಸಿ. ತುದಿಗಳು ತಾವಾಗಿ ಶುದ್ಧವಾಗುತ್ತವೆ, ಸಂದಿನಲ್ಲಿ ಮಣ್ಣು ಉಳಿಯುತ್ತದೆ. ಇದು ರಸ್ತೆಗೆ ಬಂದ ಟ್ರ್ಯಾಕ್ಟರಿನ ಗುರುತು. ಹೊಲದಲ್ಲೇ ನಿಂತಿರುವುದಾದರೆ ಉರುಳಿಸಬೇಡಿ, ತುದಿಯಲ್ಲೂ ಮಣ್ಣಿರಲಿ. ಯಾವುದೆಂದು ಮೊದಲೇ ತೀರ್ಮಾನಿಸಿ. ರಸ್ತೆ ಟಯರ್, ಹೊಲದ ಬಾಡಿ ಆದರೆ ನೋಡಿದವರಿಗೆ ಏನೋ ತಪ್ಪಿದೆ ಅನ್ನಿಸಿಯೇ ಅನ್ನಿಸುತ್ತದೆ.

ಹೆಂಟೆಯಂಥ ದಪ್ಪ ಮಣ್ಣು ಬೇಕೆಂದರೆ: ಪಿಗ್ಮೆಂಟ್ ಎರಡು ಪಾಲು, ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂದು ಪಾಲು, ಕಲಸಲು ಒಂದಕ್ಕೆ ಮೂರು ನೀರು ಬೆರೆಸಿದ ಪಿವಿಎ ಅಂಟು (ಫೆವಿಕಾಲ್ ಬಗೆಯ ಬಿಳಿ ಅಂಟು). ಪ್ಲಾಸ್ಟರ್ ಒಣಗಿದಾಗ ಬಿಳಿಚಿಕೊಳ್ಳುವುದರಿಂದ ಒಂದು ಛಾಯೆ ಗಾಢವಾಗಿಯೇ ಕಲಸಿ. ಹುಲ್ಲಿನ ಚೂರು ಸೇರಿಸುವುದಾದರೆ 1-2 ಮಿ.ಮೀ. ಮೀರಬಾರದು. ಈ ಅಳತೆಯಲ್ಲಿ 1 ಮಿ.ಮೀ. ಅಂದರೆ ನಿಜದಲ್ಲಿ 3.2 ಸೆಂ.ಮೀ. ಗಾಲಿ ಜೋಡಿಸಿದ ಮೇಲೆ ಹಚ್ಚಿ, ಮೊದಲೇ ಹಚ್ಚಿ ಆಮೇಲೆ ಟಯರ್ ಬಗ್ಗಿಸಿದರೆ ಚಕ್ಕೆ ಎದ್ದು ಬೀಳುತ್ತದೆ.

ಹಿಂದಿನ ಮಡ್‌ಗಾರ್ಡ್ ಒಳಮೈಯನ್ನು ಎಲ್ಲರೂ ಮರೆಯುತ್ತಾರೆ. ಇಡೀ ಟ್ರ್ಯಾಕ್ಟರಿನಲ್ಲಿ ಹೆಚ್ಚು ಮಣ್ಣು ಮೆತ್ತುವುದೇ ಅಲ್ಲಿ.

ತೆಳುಪದರ:
ಮೇಲಿನ ಕ್ರಮ ಒಪ್ಪುತ್ತೇನೆ, ಒಂದನ್ನು ಬಿಟ್ಟು. ಏರ್‌ಬ್ರಶ್ ಇರುವಾಗ ನೆಟ್ಟಗಿರುವ ಮೈಗೆ ಪುಡಿ ಯಾಕೆ? ಬಾಗಿಲು, ಬಾನೆಟ್ ಪಕ್ಕ, ಟ್ಯಾಂಕ್ ಇಲ್ಲೆಲ್ಲ ಧೂಳು ರಾಶಿ ಕೂರುವುದಿಲ್ಲ, ತೆಳ್ಳಗೆ ಹೊದ್ದಿರುತ್ತದೆ. ಪುಡಿ ಅಡ್ಡ ಮೈಗೆ, ಮೆಟ್ಟಿಲಿಗೆ, ಮೂಲೆಗೆ ಇರಲಿ.

ಟಾಮಿಯಾ ಕಂಪನಿಯ ಆಕ್ರಿಲಿಕ್ ಬಣ್ಣ ಎಕ್ಸ್‌ಎಫ್-57 ಬಫ್ ಒಂದು ಪಾಲಿಗೆ ಎಕ್ಸ್-20ಎ ಥಿನ್ನರ್ ಎಂಟು-ಒಂಬತ್ತು ಪಾಲು. ಕೆಳಭಾಗಕ್ಕೆ ಎಕ್ಸ್‌ಎಫ್-52 ಫ್ಲ್ಯಾಟ್ ಅರ್ಥ್ ಸ್ವಲ್ಪ ಬೆರೆಸಬಹುದು. ಒತ್ತಡ 12-15 ಪಿಎಸ್‌ಐ, ದೂರ 8-10 ಸೆಂ.ಮೀ. ಧೂಳು ಏಳುವ ದಿಕ್ಕಿನಿಂದಲೇ ಹೊಡೆಯಿರಿ: ಗಾಲಿಯ ಹಿಂದಿನಿಂದ, ಕೆಳಗಿನಿಂದ ಮೇಲಕ್ಕೆ. ಮೊದಲ ಸುತ್ತು ಏನೂ ಬಿದ್ದಿಲ್ಲ ಅನ್ನಿಸಬೇಕು, ಒಣಗಿದ ಮೇಲೆ ಎದ್ದು ಕಾಣುತ್ತದೆ. ‘ಇನ್ನೊಂದು ಸುತ್ತು ಬೇಕು’ ಅನ್ನಿಸಿದಾಗ ನಿಲ್ಲಿಸುವುದೇ ಒಳ್ಳೆಯದು.

ಈ ಬಣ್ಣದ ಲಾಭ ಏನೆಂದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಕರಗುತ್ತದೆ. ಹೊಡೆದ ಕೆಲವೇ ನಿಮಿಷಗಳಲ್ಲಿ ಆಲ್ಕೋಹಾಲ್ ಪಸೆ ಇರುವ ಬ್ರಶ್‌ನಿಂದ ಅಂಚು, ಹಿಡಿಕೆ, ಕೈ ತಾಗುವ ಜಾಗಗಳಿಂದ ಒರೆಸಿದರೆ, ಮೂಲೆಯಲ್ಲಿ ಮಾತ್ರ ಧೂಳು ಉಳಿಯುತ್ತದೆ. ಆದರೆ ತಳದ ವಾರ್ನಿಶ್ ಯಾವುದೆಂದು ನೋಡಿಕೊಳ್ಳಿ. ಲ್ಯಾಕರ್ ಸ್ಪ್ರೇ ಆದರೆ ಹಗುರ ಒರೆತ ತಡೆಯುತ್ತದೆ, ಆಕ್ರಿಲಿಕ್ ಆದರೆ ಅದೂ ಎದ್ದು ಬರಬಹುದು. ಅಚ್ಚು ಹಾಕಿದ ಲೋಗೋ, ಅಕ್ಷರಗಳೂ ಆಲ್ಕೋಹಾಲ್‌ಗೆ ಅಳಿಸಬಹುದು. ಮೊದಲು ಚಾಸಿಯ ಅಡಿಯಲ್ಲಿ ಪರೀಕ್ಷಿಸಿ.

ಗಾಜು: ಮ್ಯಾಟ್ ವಾರ್ನಿಶ್‌ನ ಮಂಜು ಅಂದರೆ ಮೇಲ್ಮೈ ತರಿತರಿಯಾಗಿರುವುದು, ಅಷ್ಟೆ. ಅದರ ಮೇಲೆ ತೆಳುವಾಗಿ ಹೊಳಪಿನ ಪಾರದರ್ಶಕ ವಾರ್ನಿಶ್ ಹಚ್ಚಿದರೆ ತರಿ ತುಂಬಿ ಬಹುಮಟ್ಟಿಗೆ ಪಾರದರ್ಶಕವಾಗುತ್ತದೆ. ಉಳಿದದ್ದಕ್ಕೆ ಪ್ಲಾಸ್ಟಿಕ್ ಪಾಲಿಶ್. ಕ್ಯಾಬಿನ್ ಮತ್ತೆ ಜೋಡಿಸುವಾಗ ಸೂಪರ್ ಗ್ಲೂ ಬಳಸಬೇಡಿ, ಅದರ ಆವಿಯೇ ಗಾಜಿನ ಒಳಗೆ ಬಿಳಿ ಕಟ್ಟುತ್ತದೆ. ಪಿವಿಎ ಸಾಕು.

ಗಾಜಿಗೂ ಧೂಳು ಬೇಕಲ್ಲ, ಅದಕ್ಕೆ ವೈಪರ್ ಕಮಾನು. 60 ಸೆಂ.ಮೀ. ವೈಪರ್ 1/32ರಲ್ಲಿ ಸುಮಾರು 19 ಮಿ.ಮೀ. ಕಂಪಾಸ್‌ಗೆ ಬ್ಲೇಡ್ ಕಟ್ಟಿ ಮಾಸ್ಕಿಂಗ್ ಟೇಪಿನಲ್ಲಿ ಎರಡು ಕಮಾನು ಕತ್ತರಿಸಿ, ಅವುಗಳ ನಡುವಿನ ತುಂಡನ್ನು ವೈಪರಿನ ಬುಡಕ್ಕೆ ಹೊಂದಿಸಿ ಅಂಟಿಸಿ, ಅದೇ ಬಫ್ ಹೊಡೆದು ಕಿತ್ತುಬಿಡಿ. ಹಿಂದಿನ ಗಾಜಿಗೆ ಮುಂದಿನದಕ್ಕಿಂತ ಹೆಚ್ಚು ಧೂಳಿರಲಿ, ಗಾಳಿ ಸುಳಿಯುವುದು ಅಲ್ಲೇ.

ಕೆಂಪುಬಾನೆಟ್:
ಟಯರ್ ಶುದ್ಧವಾಯಿತು, ಗಾಜೂ ತಿಳಿಯಾಯಿತು. ಇನ್ನು ತರಚು ಮತ್ತು ತುಕ್ಕು. ಸ್ಪಾಂಜ್‌ನಿಂದ ಕಡು ಕಂದು ತಟ್ಟಿದರೆ ಮೈತುಂಬ ಸಿಡುಬಿನ ಹಾಗೆ ಕಾಣುತ್ತದೆ. ಎಷ್ಟಿರಬೇಕು? ಎಣ್ಣೆ ಕಲೆ ಯಾವ ಹಂತದಲ್ಲಿ?

ಗ್ರೀಸ್‌ನಿಪ್ಪಲ್:
ಲೆಕ್ಕ ಹಾಕಿ. ಅರ್ಧ ಮಿ.ಮೀ. ಚುಕ್ಕೆ ಅಂದರೆ ನಿಜದ ಟ್ರ್ಯಾಕ್ಟರಿನಲ್ಲಿ 16 ಮಿ.ಮೀ. ಗಾಯ. ಅಂಥದ್ದು ಬಾನೆಟ್ ನಡುವೆ ಇಪ್ಪತ್ತು ಇದ್ದರೆ ಅದು ಆಲಿಕಲ್ಲಿನ ಪೆಟ್ಟು. ಕಾಲು, ಕೈ, ಸರಪಳಿ, ಸಲಕರಣೆ ತಾಗುವ ಕಡೆ ಮಾತ್ರ ತರಚು: ಮೆಟ್ಟಿಲಿನ ಅಂಚು, ಬಾಗಿಲಿನ ಹಿಡಿಕೆಯ ಸುತ್ತ, ಬಾನೆಟ್ ಚಿಲಕ, ಮಡ್‌ಗಾರ್ಡಿನ ಒಳ ಅಂಚು, ಮುಂದಿನ ತೂಕದ ಬಿಲ್ಲೆಗಳ ಮೂಲೆ. ಸ್ಪಾಂಜನ್ನು ಹರಿದ ತುಂಡಾಗಿ ಬಳಸಿ, ಬಣ್ಣಕ್ಕೆ ಅದ್ದಿ ಕಾಗದದ ಮೇಲೆ ಬಹುತೇಕ ಖಾಲಿಯಾಗುವವರೆಗೆ ತಟ್ಟಿ, ಆಮೇಲೆ ಮಾಡೆಲ್‌ಗೆ. ಮೊದಲು ಮೈಬಣ್ಣಕ್ಕಿಂತ ತುಸು ತಿಳಿ ಕೆಂಪು, ಅದರೊಳಗೆ ಇನ್ನೂ ಚಿಕ್ಕದಾಗಿ 000 ನಂಬರಿನ ಅತಿ ಸಣ್ಣ ಬ್ರಶ್‌ನಿಂದ ಕಡು ಕಂದು. ಎರಡು ಹಂತ ಇದ್ದರೆ ಮಾತ್ರ ಪೇಂಟಿಗೆ ದಪ್ಪ ಇದೆ ಅನ್ನಿಸುತ್ತದೆ.

ತುಕ್ಕಿನ ಮೋಹ ಬಿಡಿ. ದಿನಾ ದುಡಿಯುವ ಯಂತ್ರದಲ್ಲಿ ಉಜ್ಜುವ ಜಾಗ ತುಕ್ಕು ಹಿಡಿಯುವುದಿಲ್ಲ, ಹೊಳೆಯುತ್ತದೆ. ಡ್ರಾಬಾರ್ ತೂತಿನ ಸುತ್ತ, ಕೆಳಗಿನ ಲಿಂಕ್ ತೋಳುಗಳ ತುದಿ, ಪೆಡಲ್, ಮೆಟ್ಟಿಲಿನ ನಡುಭಾಗ ಇವಕ್ಕೆ 6ಬಿ ಪೆನ್ಸಿಲ್ ಉಜ್ಜಿ ಬೆರಳಿನಿಂದ ಸವರಿ. ಬೆಳ್ಳಿ ಪೇಂಟ್ ಬೇಡ, ಆಟಿಕೆಯಾಗಿ ಕಾಣುತ್ತದೆ. ಸೈಲೆನ್ಸರ್ ಮಾತ್ರ ತುಕ್ಕಿನ ಹಕ್ಕುದಾರ, ಬಿಸಿಗೆ ಪೇಂಟ್ ಸುಟ್ಟು ಹೋಗಿರುತ್ತದೆ. ಅಲ್ಲೂ ಮಾಸಲು ಕಂದು ಹೆಚ್ಚು, ಕಿತ್ತಳೆ ಎರಡೇ ಕಡೆ, ಕೊಳವೆಯ ಬಾಯಿಗೆ ಕಪ್ಪು ಪುಡಿ.

ಎಣ್ಣೆಯಲ್ಲಿ ಎರಡು ಬಗೆ. ಹಳೆ ಸೋರಿಕೆ ಧೂಳು ಕುಡಿದು ಹೆಪ್ಪುಗಟ್ಟಿರುತ್ತದೆ: ಎಂಜಿನ್ ಪಕ್ಕ, ಹೈಡ್ರಾಲಿಕ್ ಕಪ್ಲಿಂಗ್ ಕೆಳಗೆ ಕಡು ಕಂದು ಪುಡಿಯನ್ನು ವೈಟ್ ಸ್ಪಿರಿಟ್‌ನಲ್ಲಿ ಕಲಸಿ ಮೆತ್ತಿ. ಇದು ತಿಳಿ ಧೂಳಿಗಿಂತ ಮೊದಲು. ಹೊಸ ಸೋರಿಕೆ ಎಲ್ಲ ಮುಗಿದ ಮೇಲೆ, ಕೊನೆಯ ಕೆಲಸ: ಬರ್ನ್ಟ್ ಅಂಬರ್ (ಕಡು ಕಂದು) ಆಯಿಲ್ ಪೇಂಟ್‌ಗೆ ಹೊಳಪಿನ ಎನಾಮೆಲ್ ವಾರ್ನಿಶ್ ಬೆರೆಸಿ, ಡೀಸೆಲ್ ಮುಚ್ಚಳದಿಂದ ಕೆಳಕ್ಕೆ ಒಂದೇ ಒಂದು ಸಣ್ಣ ಹರಿವು. ಧೂಳಿಗೆ ಮೊದಲೇ ಹಾಕಿದರೆ ಧೂಳು ಕೂತು ಹೊಳಪು ಸಾಯುತ್ತದೆ. ಒಂದು ಟ್ರ್ಯಾಕ್ಟರಿಗೆ ಇಂಥವು ಎರಡು-ಮೂರು ಸಾಕು.

ಮಣ್ಣುಬಣ್ಣ:
ನೆಟ್ಟಗಿರುವ ಮೈಗೆ ಏರ್‌ಬ್ರಶ್ ಅನ್ನುವುದನ್ನು ಒಪ್ಪಿದೆ, ಪುಡಿಗಿಂತ ಅದೇ ಸಹಜವಾಗಿ ಬರುತ್ತದೆ.

ಒಂದು ಎಚ್ಚರಿಕೆ. ಬಾಡಿ ಲೋಹವಾದರೂ ಕ್ಯಾಬಿನ್ ಕಂಬ, ಕನ್ನಡಿ ತೋಳು, ಗ್ರಿಲ್ ಪ್ಲಾಸ್ಟಿಕ್ ಇರುತ್ತವೆ. ಪೇಂಟಿಲ್ಲದ ಪ್ಲಾಸ್ಟಿಕ್, ಅದರಲ್ಲೂ ಬಗ್ಗಿಸಿ ಕೂರಿಸಿದ ಭಾಗಗಳ ಸಂದಿನಲ್ಲಿ ವೈಟ್ ಸ್ಪಿರಿಟ್ ನಿಂತರೆ ಸೀಳು ಬಿಡಬಹುದು. ಅಲ್ಲಿಗೆ ಮೊದಲು ವಾರ್ನಿಶ್ ಹೊಡೆದಿರಬೇಕು, ವಾಶ್ ಸಹ ಹನಿ ನಿಲ್ಲದಷ್ಟು ತೆಳುವಾಗಿರಬೇಕು. ಕನ್ನಡಿ ತೋಳು ಕಳಚಿ ಬರುವಂತಿದ್ದರೆ ಬಿಚ್ಚಿ ಬೇರೆಯಾಗಿಯೇ ಮಾಡಿ.