ಪದಚರ್ಚೆ: ‘ಔಟ್‌ಗ್ಯಾಸಿಂಗ್’, ‘ಶ್ರೌಡ್’, ‘ಥರ್ಮೋವ್ಯಾಕ್ಯೂಮ್ ಚೇಂಬರ್’ – ಬುಧವಾರದೊಳಗೆ ಬೇಕು

ಶಿವಮೊಗ್ಗದಿಂದ

ಎಲ್ಲರಿಗೂ ವಂದನೆಗಳು. ವಿಜ್ಞಾನ ಮೇಳವೊಂದಕ್ಕೆ ಆರು ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಎಂಟರಿಂದ ಹತ್ತನೆಯ ತರಗತಿಯ ಮಕ್ಕಳು. ಐದನೆಯ ಫಲಕದಲ್ಲಿ ಸಿಕ್ಕಿಕೊಂಡಿದ್ದೇನೆ. ಉಪಗ್ರಹವನ್ನೂ ಅದಕ್ಕೆ ಬಳಸುವ ವಸ್ತುಗಳನ್ನೂ ಹಾರಿಸುವ ಮೊದಲು ಬಾಹ್ಯಾಕಾಶದಂಥ ಸ್ಥಿತಿಯಲ್ಲಿಟ್ಟು ಪರೀಕ್ಷಿಸುವ ಉಕ್ಕಿನ ದೊಡ್ಡ ಉರುಳೆಯ ಚಿತ್ರ ಅದರಲ್ಲಿದೆ. ಒಂದೊಂದು ಭಾಗದ ಹೆಸರಿಗೂ ಎರಡೇ ಪದಗಳಷ್ಟು ಜಾಗ.

‘ಥರ್ಮೋವ್ಯಾಕ್ಯೂಮ್ ಚೇಂಬರ್’ಗೆ ‘ಉಷ್ಣ-ನಿರ್ವಾತ ಕೋಣೆ’ ಎಂದು ಬರೆದೆ. ಓದಿದ ಮಗಳು, ಒಳಗೆ ಕುಲುಮೆಯಷ್ಟು ಬಿಸಿ ಇರುತ್ತದೆಯೇ ಎಂದು ಕೇಳಿದಳು. ಉರುಳೆಯ ಒಳಗೋಡೆಯ ಹೆಸರಾದ ‘ಶ್ರೌಡ್’ಗೆ ನಿಘಂಟು ಹೆಣದ ಬಟ್ಟೆ ಎನ್ನುತ್ತದೆ. ವಸ್ತುಗಳು ಒಳಗಿನ ಆವಿಯನ್ನು ಹೊರಬಿಡುವ ‘ಔಟ್‌ಗ್ಯಾಸಿಂಗ್’ಗೆ ‘ಅನಿಲ ವಿಸರ್ಜನೆ’ ಎಂದರೆ ಮಕ್ಕಳಿಗೆ ನೆನಪಾಗುವುದು ಜೀವಶಾಸ್ತ್ರದ ವಿಸರ್ಜನಾಂಗಗಳು. ಅತಿ ಶೀತದ್ದು ಎಂಬ ಅರ್ಥದ ‘ಕ್ರಯೋಜೆನಿಕ್’ ಅನ್ನು ಪತ್ರಿಕೆಗಳು ಹಾಗೆಯೇ ಬಿಡುತ್ತವೆ, ನಾನೂ ಬಿಡಲೇ? ವಿವರಣೆಯ ಸಾಲನ್ನು ‘ಗಾಳಿಯನ್ನು ತೆಗೆದು, ಅತಿ ತಣ್ಣನೆಯ ಗಾಳಿ ಹಾಯಿಸಿ ಪರೀಕ್ಷಿಸುತ್ತಾರೆ’ ಎಂದು ಬರೆದಿದ್ದೇನೆ. ಮುದ್ರಕರು ಬುಧವಾರ ಸಂಜೆಯವರೆಗೆ ಮಾತ್ರ ಕಾಯುತ್ತಾರೆ.

ಮೈಸೂರಿನಿಂದ

‘ನಿರ್ವಾತ’ ತಪ್ಪು. ಇದನ್ನು ಈ ಬಳಗದಲ್ಲಿ ಎಷ್ಟು ಸಲ ಹೇಳಬೇಕೋ ತಿಳಿಯದು. ‘ವಾತ’ದ ಧಾತು ‘ವಾ’. ಬೀಸುವುದು ಎಂದು ಅರ್ಥ. ಬೀಸುವಿಕೆ ಇಲ್ಲದ್ದು ನಿರ್ವಾತವೇ ಹೊರತು ಗಾಳಿಯೇ ಇಲ್ಲದ್ದಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ನಿವಾತದಲ್ಲಿಟ್ಟ ದೀಪ ಅಲುಗದು ಎಂಬ ಹೋಲಿಕೆ ಬರುತ್ತದೆ. ಅಲ್ಲಿ ಗಾಳಿಯೇ ಇಲ್ಲದಿದ್ದರೆ ದೀಪ ಉರಿಯುತ್ತಿತ್ತೇ? ‘ವಾಯುಶೂನ್ಯ’ ಎನ್ನಿ. ಕ್ರಯೋಜೆನಿಕ್‌ಗೆ ‘ಶೈತ್ಯಜನಕ’ ಇದೆ. ಆಮ್ಲಜನಕ, ಜಲಜನಕಗಳಿಗೆ ಒಗ್ಗಿದ ನಾಲಿಗೆಗೆ ಅದು ಕಷ್ಟವಲ್ಲ. ಔಟ್‌ಗ್ಯಾಸಿಂಗ್ – ‘ಅನಿಲೋತ್ಸರ್ಗ’. ಮುಗಿಯಿತು.

ಬೆಂಗಳೂರಿನಿಂದ

ಇಂಥ ಕೋಣೆಗಳ ಪಕ್ಕದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಕನ್ನಡದಲ್ಲಿ ಮಾತನಾಡುವಾಗಲೂ ‘ಥರ್ಮೋವ್ಯಾಕ್‌ಗೆ ಹೋಯಿತು’, ‘ಥರ್ಮೋವ್ಯಾಕ್ ಮುಗಿಸಿಕೊಂಡು ಬಂದಿತು’ ಎಂದೇ ನಾವು ಹೇಳುತ್ತಿದ್ದೆವು. ಮಕ್ಕಳಿಗೆ ಅದು ಸಾಲದು, ಒಪ್ಪುತ್ತೇನೆ. ಆದರೆ ಧಾತು ಹುಡುಕುವ ಮೊದಲು ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಮೇಡಂ, ‘ತಣ್ಣನೆಯ ಗಾಳಿ ಹಾಯಿಸಿ’ ಎಂಬುದನ್ನು ದಯವಿಟ್ಟು ಈಗಲೇ ಹೊಡೆದುಹಾಕಿ. ಪಂಪುಗಳು ಗಾಳಿಯನ್ನು ಎಳೆದು, ಒಳಗಿನ ಒತ್ತಡವನ್ನು ಹೊರಗಿನದರ ನೂರು ಕೋಟಿಯಲ್ಲಿ ಒಂದು ಪಾಲಿನ ಹತ್ತಿರಕ್ಕೆ ಇಳಿಸಿರುತ್ತವೆ. ತಂಪನ್ನು ಹೊತ್ತು ತರಲು ಅಲ್ಲಿ ಗಾಳಿಯೇ ಇಲ್ಲ. ಉರುಳೆಯ ಒಳಮೈಯುದ್ದಕ್ಕೂ ಇನ್ನೊಂದು ಲೋಹದ ಗೋಡೆ ಇರುತ್ತದೆ. ಅದರ ಕೊಳವೆಗಳಲ್ಲಿ ದ್ರವ ಸಾರಜನಕ ಹರಿಯುತ್ತದೆ. ಅದು ಕುದಿಯುವುದೇ -196 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗೋಡೆಯ ಒಳಮುಖಕ್ಕೆ ಕಪ್ಪು ಬಣ್ಣ ಬಳಿದಿರುತ್ತಾರೆ. ನಡುವೆ ಇಟ್ಟ ವಸ್ತು ತನ್ನ ಕಾವನ್ನು ಆ ಕಪ್ಪು ಗೋಡೆಯತ್ತ ಸೂಸುತ್ತ ಸೂಸುತ್ತ ತಣಿಯುತ್ತದೆ. ಹಗಲೆಲ್ಲ ಕಾದ ಹಾಸುಬಂಡೆ ಮೋಡವಿಲ್ಲದ ರಾತ್ರಿ ಆಕಾಶಕ್ಕೆ ಕಾವು ಬಿಟ್ಟುಕೊಡುವಂತೆ. ಆಮೇಲೆ ಹೀಟರುಗಳಿಂದಲೋ ದೀಪಗಳಿಂದಲೋ ಅದೇ ವಸ್ತುವನ್ನು ಬಿಸಿ ಮಾಡುತ್ತಾರೆ. ಮತ್ತೆ ತಣಿಸುತ್ತಾರೆ. ಹಗಲು ರಾತ್ರಿ ಪಾಳಿಯಲ್ಲಿ ಕುಳಿತು ಈ ಸುತ್ತುಗಳನ್ನು ಕಾಯಬೇಕು. ಆದ್ದರಿಂದ ‘ಉಷ್ಣ’ ಎಂಬ ಒಂದೇ ಪದ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ನಿಮ್ಮ ಮಗಳು ಕೇಳಿದ್ದು ಸರಿಯಾಗಿದೆ.

ಶ್ರೌಡ್ ಎಂದರೆ ಆ ಒಳಗೋಡೆ. ‘ಹೊದಿಕೆ’ ಎಂದು ಮಾತ್ರ ಬರೆಯಬೇಡಿ. ಹೊದಿಕೆ ಬೆಚ್ಚಗಿಡುತ್ತದೆ, ಇದು ಕಾವನ್ನು ನುಂಗುತ್ತದೆ. ಉಪಗ್ರಹಕ್ಕೆ ಸುತ್ತುವ ಚಿನ್ನದ ಬಣ್ಣದ ಪದರಗಳಿಗೆ ಆ ಹೆಸರನ್ನು ಉಳಿಸಿಕೊಳ್ಳಿ. ಹೂಸ್ಟನ್‌ನ ನಾಸಾ ಕೇಂದ್ರದ ‘ಚೇಂಬರ್ ಎ’ ಎಂಬ ಕೋಣೆಯಲ್ಲಿ 2017ರಲ್ಲಿ ಜೇಮ್ಸ್ ವೆಬ್ ದೂರದರ್ಶಕವನ್ನು ಸುಮಾರು ನೂರು ದಿನ ಪರೀಕ್ಷಿಸಿದಾಗ ಇಂಥ ಗೋಡೆಗಳು ಎರಡಿದ್ದವು: ಹೊರಗಿನದರಲ್ಲಿ ದ್ರವ ಸಾರಜನಕ, ಒಳಗಿನದರಲ್ಲಿ ಹೀಲಿಯಂ. ‘ಒಳ’, ‘ಹೊರ’ ಸೇರಿಸಿದರೂ ಕುಸಿಯದ ಪದ ಬೇಕು. ನನ್ನ ಸಲಹೆ ‘ಶೀತಗೋಡೆ’.

ಔಟ್‌ಗ್ಯಾಸಿಂಗ್ ಬಗ್ಗೆ. ಹೊಸ ಕಾರನ್ನು ಏಪ್ರಿಲ್ ಬಿಸಿಲಿನಲ್ಲಿ ಕೆಲವು ದಿನ ಮುಚ್ಚಿ ನಿಲ್ಲಿಸಿದರೆ ಮುಂಗಾಜಿನ ಒಳಮೈಗೆ ತೆಳುವಾದ ಮಬ್ಬು ಹತ್ತುತ್ತದೆ. ಪ್ಲಾಸ್ಟಿಕ್, ಅಂಟು, ರಬ್ಬರುಗಳು ಬಿಟ್ಟುಕೊಟ್ಟ ಆವಿ ಅದು. ಗಾಳಿಯ ಒತ್ತಡ ಇಲ್ಲದ ಕಡೆ ಇದು ಇನ್ನೂ ಜೋರು. ವಸ್ತುವಿನ ತುಣುಕನ್ನು ಗಾಳಿ ತೆಗೆದ ಪೆಟ್ಟಿಗೆಯಲ್ಲಿ 125 ಡಿಗ್ರಿಗೆ ಕಾಯಿಸಿ 24 ಗಂಟೆ ಇಡುತ್ತಾರೆ. ತೂಕದಲ್ಲಿ ಶೇ. 1ಕ್ಕಿಂತ ಹೆಚ್ಚು ಕಳೆದರೆ ಸಾಮಾನ್ಯವಾಗಿ ಆ ವಸ್ತು ಬೇಡ. ಹೊರಬಂದದ್ದರಲ್ಲಿ ಎದುರಿನ 25 ಡಿಗ್ರಿಯ ತಟ್ಟೆಗೆ ಅಂಟುವ ಭಾಗ ತುಣುಕಿನ ಮೊದಲಿನ ತೂಕದ ಶೇ. 0.1ನ್ನು ಮೀರಿದರೂ ಬೇಡ. ಶನಿಗ್ರಹಕ್ಕೆ ಹೊರಟಿದ್ದ ಕ್ಯಾಸಿನಿ ನೌಕೆಯ ಕ್ಯಾಮೆರಾಕ್ಕೆ 2001ರಲ್ಲಿ ಮಬ್ಬು ಕವಿದು, ಅದನ್ನು ಮತ್ತೆ ಮತ್ತೆ ಬೆಚ್ಚಗೆ ಮಾಡಿ ತೊಲಗಿಸಬೇಕಾಯಿತು. ಅಷ್ಟು ದೂರ ಬಟ್ಟೆ ಹಿಡಿದು ಒರೆಸಲು ಯಾರು ಹೋಗುತ್ತಾರೆ? ಹೀಗಾಗಿ ‘ಹೊರಬರುವುದು’ ಒಂದು, ‘ಅಂಟುವುದು’ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪದ ಬೇಕು. ‘ಅನಿಲೋತ್ಸರ್ಗ’ ಎರಡನ್ನೂ ಹೇಳುವುದಿಲ್ಲ.

ಪುತ್ತೂರಿನಿಂದ

ಮೈಸೂರಿನವರ ‘ವಾಯು’ ಯಾವ ಧಾತುವಿನಿಂದ ಬಂದಿತು? ಅದೇ ‘ವಾ’. ಬೀಸುವುದು ಎಂಬ ಕಾರಣಕ್ಕೆ ‘ವಾತ’ ಬೇಡವಾದರೆ ‘ವಾಯು’ವೂ ಬೇಡ.

ಔಟ್‌ಗ್ಯಾಸಿಂಗ್‌ಗೆ ನಮ್ಮಲ್ಲಿ ಪದ ಇದೆ: ಒಸರು. ಮಳೆಗಾಲ ಮುಗಿದ ಮೇಲೂ ಗುಡ್ಡದ ಬುಡದಲ್ಲಿ ನೀರು ಒಸರುತ್ತದೆ. ಮರದಿಂದ ಅಂಟು ಒಸರುತ್ತದೆ. ಒಳಗೆ ಅಡಗಿದ್ದು ಯಾರೂ ಹಿಂಡದೆ ತಾನಾಗಿ, ನಿಧಾನವಾಗಿ ಹೊರಬರುವುದಕ್ಕೆ ಇದಕ್ಕಿಂತ ಒಪ್ಪುವ ಪದ ನನಗೆ ಗೊತ್ತಿಲ್ಲ. 1894ರ ಕಿಟೆಲ್ ನಿಘಂಟು ತೆರೆದು ನೋಡಿ. ‘ಆವಿ ಒಸರುವಿಕೆ’ ಎನ್ನಿ. ಶೀತಗೋಡೆ ಯಾಕೆ? ತಣ್ ಮತ್ತು ಗಾಳಿ ಸೇರಿ ತಂಗಾಳಿ ಆಗುವುದಾದರೆ ತಣ್ ಮತ್ತು ಗೋಡೆ ಸೇರಿ ‘ತಂಗೋಡೆ’. ಕ್ರಯೋಜೆನಿಕ್‌ಗೆ, ಚಳಿ ಎಂಬ ಅರ್ಥದ ಹಳಗನ್ನಡದ ‘ಕುಳಿರ್’ ಕಾದು ಕುಳಿತಿದೆ.

ಮೈಸೂರಿನಿಂದ

ಒಸರುವುದು ದ್ರವ. ಅನಿಲ ಒಸರುವುದಿಲ್ಲ. ‘ಶೀತಗೋಡೆ’ ಅರಿಸಮಾಸ, ಚರ್ಚೆಗೇ ಅನರ್ಹ. ‘ಕುಳಿರ್’ ಸತ್ತುಹೋಗಿ ಶತಮಾನಗಳಾದವು. ಸಂಸ್ಕೃತವನ್ನು ಹೊರಗಟ್ಟಿದ ಮೇಲೆ ವಿಜ್ಞಾನವನ್ನು ಯಾವುದರಲ್ಲಿ ಬರೆಯುತ್ತೀರಿ? ಅಡುಗೆಮನೆಯ ಮಾತಿನಲ್ಲಿಯೇ?

ಪುತ್ತೂರಿನಿಂದ

ಹೌದು, ಅಡುಗೆಮನೆಯ ಮಾತಿನಲ್ಲಿಯೇ. ಹಬೆ, ಆವಿ, ಕುದಿ, ಕಾವು, ಇಂಗು, ಬತ್ತು – ಇವನ್ನೆಲ್ಲ ಕನ್ನಡಿಗರು ಕಲಿತದ್ದು ಅಲ್ಲಿಯೇ. ಆವಿಯನ್ನು ಕುರಿತು ಬರೆಯಲು ಅದಕ್ಕಿಂತ ತಕ್ಕ ಜಾಗ ಯಾವುದು?

ಅರಿಸಮಾಸದ ಮಾತು. ‘ಚಳಿಗಾಲ’ ಎನ್ನುವಾಗ ತಮ್ಮ ನಾಲಿಗೆ ತಡವರಿಸುವುದುಂಟೇ? ಚಳಿ ನಮ್ಮದು, ಕಾಲ ಸಂಸ್ಕೃತದ್ದು. ಹಿಂದಿನವರ ಪ್ರಯೋಗವಿದ್ದರೆ ಕೇಶಿರಾಜನೂ ಒಪ್ಪುತ್ತಾನೆ. ಇನ್ನು ‘ಜನಕ’ಗಳ ವಿಷಯ. ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಮೂಲ ಎಂದು ಫ್ರೆಂಚ್ ವಿಜ್ಞಾನಿ ಲವಾಸಿಯೇ ತಪ್ಪು ತಿಳಿದು ಆ ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಒಂದು ಕಣವೂ ಇಲ್ಲ. ಎರವಲು ಪದದೊಳಗೆ ಆ ತಪ್ಪು ಯಾರಿಗೂ ಕಾಣದೆ ಮಲಗಿರುತ್ತಿತ್ತು. ನಾವು ‘ಆಮ್ಲಜನಕ’ ಎಂದು ಅಕ್ಷರಶಃ ಅನುವಾದಿಸಿ, ಅದನ್ನು ಎಬ್ಬಿಸಿ, ಪ್ರತಿ ಮಗುವಿಗೂ ಪಾಠ ಮಾಡುತ್ತಿದ್ದೇವೆ. ‘ಶೈತ್ಯಜನಕ’ ಅದೇ ದಾರಿಯದು. ದ್ರವ ಸಾರಜನಕ ಚಳಿಯನ್ನು ಹೆರುವುದಿಲ್ಲ, ಕಾವನ್ನು ಒಯ್ಯುತ್ತದೆ.

ಕಲಬುರಗಿಯಿಂದ

ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದ್ದೇನೆ. ‘ನಿರ್ವಾತ’ ಪಠ್ಯಪುಸ್ತಕದಲ್ಲಿದೆ, ಪರೀಕ್ಷೆಯಲ್ಲಿ ಬರುತ್ತದೆ. ಅದನ್ನು ಮುಟ್ಟಬೇಡಿ. ‘ವಾತಾವರಣ’ದಲ್ಲಿ ‘ವಾತ’ ಗಾಳಿ ಎಂದು ಒಪ್ಪಿದ ಮೇಲೆ ಇಲ್ಲಿ ಮಾತ್ರ ಬೇಡ ಎನ್ನುವುದು ಯಾವ ನ್ಯಾಯ? ‘ತಂಗೋಡೆ’ ಚಂದದ ಪದ, ಆದರೆ ಫಲಕದ ಮುಂದೆ ಅರ್ಧ ನಿಮಿಷ ನಿಲ್ಲುವ ಹುಡುಗನಿಗೆ ಅದನ್ನು ಬಿಡಿಸಿ ಹೇಳಲು ಯಾರಿರುತ್ತಾರೆ? ‘ತಣ್ಣನೆಯ ಗೋಡೆ’ ಎಂದರೆ ಅವನಿಗೇ ತಿಳಿಯುತ್ತದೆ. ನಿಯಮದಂತೆ ಎರಡೇ ಪದ.

ಬೆಂಗಳೂರಿನಿಂದ

‘ಶೀತಗೋಡೆ’ಯನ್ನು ಹಿಂದಕ್ಕೆ ಪಡೆಯುತ್ತೇನೆ. ‘ಹೊರ ತಣ್ಣನೆಯ ಗೋಡೆ’ ತುಸು ಎಳೆದಂತಾದರೂ ಅರ್ಥ ಕೆಡುವುದಿಲ್ಲ. ಅನಿಲ ಒಸರದು ಎಂಬ ಮಾತನ್ನು ಒಪ್ಪಲಾರೆ. ವಸ್ತುವಿನೊಳಗಿಂದ ಅಣುಗಳು ಮೆಲ್ಲನೆ ಮೇಲ್ಮೈಗೆ ಬಂದು ಕಳಚಿಕೊಳ್ಳುವುದನ್ನು ‘ಒಸರು’ ಚೆನ್ನಾಗಿ ಹಿಡಿಯುತ್ತದೆ. ಅಂಟಿಕೊಳ್ಳುವುದಕ್ಕೆ ನನ್ನ ತಾಯಿಯ ಮಾತು ನೆನಪಾಯಿತು. ಎಣ್ಣೆ ಡಬ್ಬಿಯ ಮೈಗೆ ಹತ್ತಿದ ಜಿಡ್ಡನ್ನು ಅವರು ‘ಪಸೆ’ ಎನ್ನುತ್ತಿದ್ದರು. ಒಸರಿದ್ದರಲ್ಲಿ ತಟ್ಟೆಗೆ ಕೂತದ್ದು ಪಸೆ. ಇಷ್ಟು ವರ್ಷ ವರದಿ ಬರೆದವನಿಗೆ ಈ ಪದ ಈಗ ಹೊಳೆಯಿತಲ್ಲ ಎಂದು ಬೇಸರವೂ ಆಗುತ್ತಿದೆ.

ಮೈಸೂರಿನಿಂದ

‘ಪಸೆ’ಗೆ ಆಕ್ಷೇಪವಿಲ್ಲ. ಉಳಿದವುಗಳಿಗೆ ಇದೆ.

ಶಿವಮೊಗ್ಗದಿಂದ

ಎಲ್ಲರಿಗೂ ಕೃತಜ್ಞತೆಗಳು. ಮುದ್ರಕರಿಗೆ ಹೀಗೆ ಕಳುಹಿಸಿದ್ದೇನೆ: ಕೋಣೆಗೆ ‘ನಿರ್ವಾತ ಕೋಣೆ’, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಗಾಳಿ ತೆಗೆದು, ತಣಿಸಿ, ಕಾಯಿಸಿ ನೋಡುವ ಜಾಗ’. ಶ್ರೌಡ್‌ಗೆ ‘ತಣ್ಣನೆಯ ಗೋಡೆ’. ಔಟ್‌ಗ್ಯಾಸಿಂಗ್‌ಗೆ ‘ಆವಿ ಒಸರುವಿಕೆ’. ತಟ್ಟೆಯ ಚಿತ್ರದ ಪಕ್ಕದಲ್ಲಿ ‘ಪಸೆ’. ಕ್ರಯೋಜೆನಿಕ್ ಹಾಗೆಯೇ ಉಳಿದಿದೆ. ಇಸ್ರೊದ ಮಹೇಂದ್ರಗಿರಿ ಕೇಂದ್ರದ ರಾಕೆಟ್ ಎಂಜಿನ್ ಪರೀಕ್ಷೆಯ ಸುದ್ದಿಯಲ್ಲಿ ಮಕ್ಕಳು ಆ ಪದವನ್ನು ಓದಿರುತ್ತಾರೆ. ಹಾಸುಬಂಡೆಯ ಹೋಲಿಕೆಯನ್ನು ಬೆಂಗಳೂರಿನ ಹಿರಿಯರ ಅನುಮತಿ ಕೇಳದೆಯೇ ಸೇರಿಸಿಕೊಂಡೆ, ಕ್ಷಮಿಸಬೇಕು.

ಆರನೆಯ ಫಲಕದಲ್ಲಿ ‘ಕೋಲ್ಡ್ ವೆಲ್ಡಿಂಗ್’ ಬಂದಿದೆ: ಗಾಳಿಯಿಲ್ಲದ ಕಡೆ ಶುದ್ಧ ಲೋಹದ ಎರಡು ಮೈಗಳು ಒತ್ತಿಕೊಂಡರೆ ಬೆಂಕಿಯಿಲ್ಲದೆ ಬೆಸೆದುಹೋಗುವುದು. ತಂಗಾಳಿಯ ಜಾಡಿನಲ್ಲಿ ‘ತಂಬೆಸುಗೆ’ ಎಂದು ಬರೆದಿದ್ದೆ. ಆದರೆ ಇಲ್ಲಿನ ‘ಕೋಲ್ಡ್’ ತಣ್ಣಗಿರುವುದಲ್ಲ, ಕಾಯಿಸದೆ ಇರುವುದು, ಅಲ್ಲವೇ? ‘ಕಾಯಿಸದ ಬೆಸುಗೆ’ ಎಂದು ಬದಲಿಸಲೇ? ನಾಳೆ ಬೆಳಗ್ಗೆ ಹತ್ತರೊಳಗೆ ತಿಳಿಸಿ.