ಅಪ್‌ಡೇಟ್: ಸಿಗ್ನಲ್‌ನಲ್ಲಿ ನಡುಗುತ್ತಿದ್ದ ಕಾರು ಸರಿಹೋಯ್ತು

ನನ್ನ 2006ರ ಆಟೋಮ್ಯಾಟಿಕ್ ಕಾರು ‘ಡಿ’ (ಡ್ರೈವ್) ಗೇರ್‌ನಲ್ಲಿ ಬ್ರೇಕ್ ಒತ್ತಿ ನಿಂತರೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 500ಕ್ಕೆ ಇಳಿದು ಸ್ಟೀರಿಂಗ್ ಗಡಗಡ ನಡುಗುತ್ತದೆ, ಎಸಿ ಹಾಕಿದರೆ ಇನ್ನೂ ಜಾಸ್ತಿ ಅಂತ ಇಲ್ಲಿ ಕೇಳಿದ್ದೆನಲ್ಲ? ಕಾರಣ ಸಿಕ್ಕಿತು.

ಮೆಕ್ಯಾನಿಕ್ ಒಬ್ಬರು ಗೇರ್‌ಬಾಕ್ಸೇ ಹೋಗಿದೆ ಎಂದಿದ್ದರು. ಪುಣ್ಯಕ್ಕೆ ಬಿಚ್ಚಿಸಲಿಲ್ಲ. ನೀವು ಹೇಳಿದಂತೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ವ್ಯಾಕ್ಯೂಮ್ ಪೈಪುಗಳ (ಎಂಜಿನ್ ಗಾಳಿ ಎಳೆಯುವ ಸಣ್ಣ ಪೈಪುಗಳು) ಸುತ್ತ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದೆ (ಹುಷಾರು, ಬೆಂಕಿ ಹತ್ತುವ ವಸ್ತು). ಗಾಳಿ ಲೀಕ್ ಇದ್ದರೆ ಆರ್‌ಪಿಎಂ ಬದಲಾಗಬೇಕಿತ್ತು; ಬದಲಾಗಲಿಲ್ಲ, ಅಂದರೆ ಅಲ್ಲಿ ಲೀಕ್ ಇಲ್ಲ. ಆಮೇಲೆ ಥ್ರಾಟಲ್ ಬಾಡಿಯಿಂದ (ಎಂಜಿನ್‌ಗೆ ಗಾಳಿ ಹೋಗುವ ಬಾಗಿಲು) ಐಡಲ್ ವಾಲ್ವ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್‌ಗೆ ಬೇಕಾದಷ್ಟು ಗಾಳಿ ಬಿಡುವ ಕವಾಟ, ಬಿಚ್ಚಿದೆ. ತುದಿಯಲ್ಲಿ ಸೌದೆ ಒಲೆಯ ಪಾತ್ರೆ ತಳದ ಹಾಗೆ ಮಸಿ! ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿದೆ. ಎಂಜಿನ್ ಕಂಪ್ಯೂಟರ್ ರೀಸೆಟ್ ಆಗಲಿ ಅಂತ ಬ್ಯಾಟರಿ ಟರ್ಮಿನಲ್ ಬಿಚ್ಚಿ ಮತ್ತೆ ಹಾಕಿ, ಹತ್ತು ನಿಮಿಷ ಎಂಜಿನ್ ನಿಂತಲ್ಲೇ ಸುಮ್ನೆ ಓಡಲು ಬಿಟ್ಟೆ.

ಈಗ ‘ಡಿ’ಯಲ್ಲೂ ಆರ್‌ಪಿಎಂ 700. ಚೂರು ನಡುಕ ಉಳಿದಿದೆ. ಎಂಜಿನ್ ಮೌಂಟ್‌ನ (ಎಂಜಿನ್ ಹಿಡಿದಿಡುವ ಆಧಾರ) ರಬ್ಬರ್ ಬಿರುಕು ಬಿಟ್ಟಿದೆ, ಅದೇ ಇರಬೇಕು. ಸಂಬಳ ಬರಲಿ, ನೋಡೋಣ.