ಶೆಲ್ ಸ್ಕ್ರಿಪ್ಟಿನಲ್ಲಿ ಕೋಟ್ ಹಾಕುವ ತಲೆನೋವು: ನೀವು ಹೇಗೆ ಮಾಡ್ತೀರಿ?

ಪ್ರಶ್ನೆ: ಫೋಟೋ ಬ್ಯಾಕಪ್ ಮಾಡುವ ಸಣ್ಣ ಸ್ಕ್ರಿಪ್ಟ್ ಇದೆ (ಶೆಲ್ ಎಂಬ ಪ್ರೋಗ್ರಾಮ್ ಓದಿ ನಡೆಸುವ ಕಮಾಂಡ್‌ಗಳ ಫೈಲ್). "ಅಜ್ಜಿ ಮನೆ" ಅನ್ನುವ ಫೋಲ್ಡರ್ ಬಂದರೆ ಎರಡು ತುಂಡಾಗುತ್ತದೆ. ಲಾಗ್‌ನಲ್ಲಿ ವಿಂಡೋಸ್ ಪಾತ್ (ಬ್ಯಾಕ್‌ಸ್ಲ್ಯಾಶ್, ಅಂದರೆ \ ಇರುವ ಫೈಲ್ ವಿಳಾಸ) ಬರೆದರೆ ಬ್ಯಾಶ್ ಎಂಬ ಶೆಲ್‌ನಲ್ಲಿ ಸರಿ, ಉಬುಂಟು ಸರ್ವರಿನ ಎಸ್‌ಎಚ್ (sh) ಶೆಲ್‌ನಲ್ಲಿ ಸಾಲು ಮುರಿಯುತ್ತದೆ. ಕನ್ನಡ ಹೆಸರಿಗೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕಾ?

ಸರ್ವರ್ ನೋಡಿಕೊಳ್ಳುವವರು: ಬೇಡ. ತೊಂದರೆ ಕನ್ನಡದ್ದಲ್ಲ, ಸ್ಪೇಸ್‌ನದು. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಕನ್ನಡದ ಬೈಟ್‌ಗಳು ಶೆಲ್‌ನ ವಿಶೇಷ ಚಿಹ್ನೆಗಳ ಜೊತೆ ಎಂದೂ ಡಿಕ್ಕಿ ಹೊಡೆಯುವುದಿಲ್ಲ. ಆದರೆ ಬರೀ $1 (ಸ್ಕ್ರಿಪ್ಟಿಗೆ ಕೊಟ್ಟ ಮೊದಲ ಆರ್ಗ್ಯುಮೆಂಟ್, ಅಂದರೆ ಕಮಾಂಡ್ ಜೊತೆ ಕೊಡುವ ಮಾಹಿತಿ) ಅಂತ ಬರೆದರೆ ಶೆಲ್ ಒಳಗಿರುವುದನ್ನು ಸ್ಪೇಸ್, ಟ್ಯಾಬ್, ಹೊಸ ಸಾಲು ಕಂಡಲ್ಲಿ ಕತ್ತರಿಸುತ್ತದೆ. * ಇದ್ದರೆ ಫೈಲ್ ಹೆಸರುಗಳನ್ನೂ ತಂದು ಸುರಿಯುತ್ತದೆ. "$1" ಎಂದರೆ ಎರಡೂ ನಿಲ್ಲುತ್ತವೆ. ಬಂದ ಆರ್ಗ್ಯುಮೆಂಟ್‌ಗಳನ್ನೆಲ್ಲ ಹಾಗೇ ದಾಟಿಸಲು "$@" ಬಳಸಿ. "$*" ಹಾಕಿದರೆ ಎಲ್ಲ ಅಂಟಿಕೊಂಡು ಒಂದೇ ಆಗುತ್ತದೆ.

ಇನ್ನು ಲಾಗ್ ವಿಷಯ. 2006ರ ಉಬುಂಟು 6.10ರಿಂದ ಅಲ್ಲಿ ಎಸ್‌ಎಚ್ ಅಂದರೆ ಡ್ಯಾಶ್ ಎಂಬ ಶೆಲ್. ಅದರ ಎಕೋ (ಪಠ್ಯ ತೋರಿಸುವ ಕಮಾಂಡ್) ಬ್ಯಾಕ್‌ಸ್ಲ್ಯಾಶ್ ಕಂಡರೆ ಅರ್ಥ ಮಾಡಲು ಹೋಗುತ್ತದೆ. ಬ್ಯಾಶ್‌ನ ಎಕೋ ಸಾಮಾನ್ಯವಾಗಿ ಸುಮ್ನೆ ಇರುತ್ತದೆ. ಎರಡನ್ನೂ ನಂಬಬೇಡಿ, ಪ್ರಿಂಟ್‌ಎಫ್ ಬಳಸಿ. ಅದಕ್ಕೆ ಕೊಡುವ ಫಾರ್ಮ್ಯಾಟ್ (ಹೇಗೆ ಬರೆಯಬೇಕೆಂಬ ಮಾದರಿ, ಅದರಲ್ಲಿ % ಗೆ ವಿಶೇಷ ಅರ್ಥ) ಸಿಂಗಲ್ ಕೋಟಿನಲ್ಲಿರಲಿ, ಪಾತ್ ಬೇರೆ ಆರ್ಗ್ಯುಮೆಂಟ್ ಆಗಿರಲಿ. ಪಾತ್ ಅನ್ನೇ ಫಾರ್ಮ್ಯಾಟ್ ಜಾಗದಲ್ಲಿ ಇಟ್ಟರೆ % ಬಂದ ದಿನ ಮತ್ತೆ ಇದೇ ಕಥೆ.

ಕೇಳಿದವರು: ಸರಿಹೋಯಿತು! ಆದರೆ ಸಿಂಗಲ್ ಕೋಟ್ ಒಳಗೆ ಸಿಂಗಲ್ ಕೋಟ್ ಬೇಕಾದರೆ? \' ಹಾಕಿದರೆ > ತೋರಿಸಿಕೊಂಡು ಕಾಯುತ್ತಾ ಕೂರುತ್ತದೆ.

ಇನ್ನೊಬ್ಬರು: ಸಿಂಗಲ್ ಕೋಟ್ ಒಳಗೆ ಬ್ಯಾಕ್‌ಸ್ಲ್ಯಾಶ್ ಬರೀ ಒಂದು ಅಕ್ಷರ ಅಷ್ಟೇ, ಅಲ್ವಾ? ಹಾಗಾಗಿ '\'' ಎಂದು ಬರೆಯಬೇಕು. ಮೊದಲನೆಯದು ಕೋಟ್ ಮುಚ್ಚುತ್ತದೆ, \' ಹೊರಗಡೆ ಒಂದು ಕೋಟ್ ಇಡುತ್ತದೆ, ಕೊನೆಯದು ಮತ್ತೆ ತೆರೆಯುತ್ತದೆ. ನೋಡಲು ಅಸಹ್ಯ, ಆದರೆ ಎಲ್ಲ ಕಡೆ ನಡೆಯುತ್ತದೆ. $'...' (ಇದರೊಳಗೆ \' ನಡೆಯುತ್ತದೆ) ಚೆಂದ ಅಂತ ಕೆಲವರು ಹೇಳುತ್ತಾರೆ. ಅದು ಪಾಸಿಕ್ಸ್‌ಗೆ (ಶೆಲ್‌ಗಳು ಪಾಲಿಸುವ ಮಾನದಂಡ) ಸೇರಿದ್ದು 2024ರಲ್ಲಿ, ಹಳೆಯ ಡ್ಯಾಶ್‌ಗೆ ಗೊತ್ತೇ ಇಲ್ಲ.

ಡಬಲ್ ಕೋಟ್ ಒಳಗಿನ ಲೆಕ್ಕ ಬೇರೆ. ಅಲ್ಲಿ $ ` " \ ಇವುಗಳ ಮುಂದೆ ಮತ್ತು ಸಾಲಿನ ಕೊನೆಯಲ್ಲಿ ಮಾತ್ರ ಬ್ಯಾಕ್‌ಸ್ಲ್ಯಾಶ್ ಕೆಲಸ ಮಾಡುತ್ತದೆ. ಬೇರೆ ಅಕ್ಷರದ ಮುಂದೆ ಇಟ್ಟರೆ ಅದೂ ಹಾಗೇ ಉಳಿಯುತ್ತದೆ. ಒಂದು ಕಮಾಂಡಿನ ಉತ್ತರವನ್ನು ಇನ್ನೊಂದರೊಳಗೆ ತರುವ ಬ್ಯಾಕ್‌ಟಿಕ್ (`) ಅಂತೂ ಬಿಟ್ಟುಬಿಡಿ. ಅದರೊಳಗೆ ಇನ್ನೊಂದು ಬ್ಯಾಕ್‌ಟಿಕ್ ಬಂದರೆ ಬ್ಯಾಕ್‌ಸ್ಲ್ಯಾಶ್ ಎಣಿಸುತ್ತಾ ಕೂರಬೇಕು. ಅದೇ ಕೆಲಸ ಮಾಡುವ $(...) ಒಳಗೆ ಎಷ್ಟು ಬೇಕಾದರೂ ಸೇರಿಸಬಹುದು.

ಕಾಲೇಜು ಲ್ಯಾಬಿನವರು: ನಮ್ಮ ಹುಡುಗರದ್ದು ಬೇರೆ ಗೋಳು. ಕಮಾಂಡ್ ಅನ್ನು ವರ್ಡ್ ಫೈಲಿನಿಂದ ಕಾಪಿ ಮಾಡುತ್ತಾರೆ, ನೆಟ್ಟಗಿನ ಕೋಟ್ ಬಾಗಿದ ಕೋಟ್ ಆಗಿ ಬರುತ್ತದೆ. ಶೆಲ್‌ಗೆ ಅದು ಕೋಟೇ ಅಲ್ಲ. ಸ್ಕ್ರಿಪ್ಟ್ ಅನ್ನು ಶೆಲ್‌ಚೆಕ್‌ಗೆ (ಸ್ಕ್ರಿಪ್ಟಿನ ತಪ್ಪು ಹುಡುಕುವ ಪ್ರೋಗ್ರಾಮ್) ಕೊಡಿ, ಅದು ಹಿಡಿಯುತ್ತದೆ. ಮೊದಲ ಸಾಲಿನಲ್ಲಿ ಎಸ್‌ಎಚ್ ಇದ್ದರೆ ಬ್ಯಾಶ್‌ಗೆ ಮಾತ್ರ ಗೊತ್ತಿರುವ ಬರವಣಿಗೆಯನ್ನೂ ತೋರಿಸುತ್ತದೆ.

ಹಾಂ, ಫೈಲ್ ಹೆಸರು - ಇಂದ ಶುರುವಾದರೆ ಯಾವ ಕೋಟೂ ಕಾಪಾಡುವುದಿಲ್ಲ. ಕಮಾಂಡ್ ಅದನ್ನು ಆಪ್ಷನ್ ಅಂದುಕೊಳ್ಳುತ್ತದೆ. ಅದೇ ಫೋಲ್ಡರಿನ ಫೈಲ್ ಆದರೆ "./$1" ಎಂದು ಬರೆಯಿರಿ.